ನಮ್ಮತ್ತೆಯ ಶಾಂತಿ ಮಾತುಕತೆ

ವಿಶ್ವಸಂಸ್ಥೆಯವರು ನಮ್ಮತ್ತೆಯನ್ನು ಒಂದೇ ಒಂದು ವಾರ ಕರೆಸಿಕೊಳ್ಳಲಿ, ಇಸ್ರೇಲಿನವರೂ ಪ್ಯಾಲೆಸ್ತೀನಿನವರೂ ಖಂಡಿತ ಒಂದಾಗಿಬಿಡುತ್ತಾರೆ. ಅತ್ತೆಯ ವಿರುದ್ಧ! ತಮಾಷೆಗೆ ಹೇಳುತ್ತಿಲ್ಲ. ಅವರ ಜೊತೆ ಒಂದೇ ಸೂರಿನಡಿ ಬಾಳಿದ ಸೊಸೆಯ ಅನುಭವದಿಂದ ಹೇಳುತ್ತಿದ್ದೇನೆ. ಎರಡು ಕಡೆಯವರಿಗೂ ಒಂದೇ ಸಮನೆ ಸಿಟ್ಟು ಬರಿಸುವ ಶಕ್ತಿ ಇನ್ಯಾರಿಗಾದರೂ ಇದ್ದರೆ ತೋರಿಸಿ, ನಾನು ಕೆಲಸ ಬಿಟ್ಟು ಅವರ ಮನೆಯಲ್ಲಿ ಪಾತ್ರೆ ತೊಳೆದುಕೊಂಡಿರುತ್ತೇನೆ.

ಅತ್ತೆ ಮೈಸೂರಿನಲ್ಲಿ ನರ್ಸಿಂಗ್ ಕಲಿತವರು. ಮಾವ ತೀರಿಕೊಂಡ ಮೇಲೆ ಮಗನನ್ನು, ಅಂದರೆ ನನ್ನ ಗಂಡನನ್ನು, ಕಟ್ಟಿಕೊಂಡು ಆಕ್ಲೆಂಡಿಗೆ ಬಂದರು. ಇಲ್ಲಿನ ಆಸ್ಪತ್ರೆಯೊಂದರಲ್ಲಿ ಎಳೆಯ ಡಾಕ್ಟರುಗಳನ್ನೆಲ್ಲ ಗಡಗಡ ನಡುಗಿಸಿ, ಈಗ ನಿವೃತ್ತರಾಗಿ ಪಾಪಟೊಯ್‌ಟೊಯ್ ಬಡಾವಣೆಯ ನಮ್ಮ ಮನೆಯಲ್ಲಿದ್ದಾರೆ. ಇದ್ದಾರೆ ಅಂದೆನೆ? ಆಳುತ್ತಿದ್ದಾರೆ. ವಾರ್ಡು ಹೋಯಿತು, ಹಾಗಾಗಿ ಸಂಜೆ ಆರರ ಟಿವಿ ಸುದ್ದಿಯೇ ಈಗ ಅವರ ವಾರ್ಡು. ಸುದ್ದಿ ಓದುವ ಹುಡುಗಿಗೆ ಬೈಯುತ್ತಾರೆ, ಮಂತ್ರಿಗಳಿಗೆ ಬೈಯುತ್ತಾರೆ, ಭೂಪಟದ ಮೇಲೆ ಬಾಣದ ಗುರುತು ಎಳೆಯುವ ತಜ್ಞರಿಗಂತೂ ರಿಮೋಟನ್ನೇ ಎತ್ತುತ್ತಾರೆ. ಕೊನೆಗೆ ನಮ್ಮ ಕಡೆ ತಿರುಗಿ ಅದೇ ಪ್ರಶ್ನೆ: "ಹೇಳ್ರೋ, ಜಾಗ ಬಿಟ್ಟುಕೊಟ್ರೆ ಶಾಂತಿ ಬರುತ್ತಾ?"

ಈ ಪ್ರಶ್ನೆಗೆ ಸರಿಯುತ್ತರವೇ ಇಲ್ಲ. ನನ್ನ ಗಂಡ ಮೊದಲು ಗೊತ್ತಿಲ್ಲದೆ "ಬರುತ್ತೆ ಅಮ್ಮ" ಅಂದ. "ಇಸ್ರೇಲಿನವರು ಗಾಜಾದಿಂದ ಎದ್ದು ಹೊರಟ್ರಲ್ಲ, ಬಂತೇನೋ?" ಅಂತ ಮೈಮೇಲೆ ಬಿದ್ದರು. ಮಾರನೆಯ ದಿನ ಬುದ್ಧಿವಂತಿಕೆ ಮಾಡಿ "ಬರಲ್ಲ ಅಮ್ಮ" ಅಂದ. "ಸಿನಾಯಿ ವಾಪಸ್ ಕೊಟ್ಮೇಲೆ ಈಜಿಪ್ಟಿನ ಜೊತೆ ಯುದ್ಧ ನಿಂತಿದ್ದು ಮತ್ತೆ ಹೇಗೋ?" ಮೂರನೆಯ ದಿನ ಪಾಪ "ಗೊತ್ತಿಲ್ಲ" ಅಂದ. ಅದಕ್ಕೆ ಬಿದ್ದ ಬೈಗುಳವನ್ನು ಬರೆದರೆ ನೀವು ಈ ಪುಟವನ್ನು ಮಕ್ಕಳ ಕೈಗೆ ಸಿಗದ ಹಾಗೆ ಎತ್ತಿಡಬೇಕಾಗುತ್ತದೆ. "ಗೊತ್ತಿಲ್ದೆ ನಿಂಗೆ ಗಂಟಲಲ್ಲಿ ಅನ್ನ ಹೇಗೋ ಇಳಿಯುತ್ತೆ?" ಅನ್ನುವುದು ಅದರಲ್ಲಿ ತೀರಾ ಮೃದುವಾದ ಭಾಗ.

ಮನೆಯವರನ್ನು ಬಿಡಿ, ನಾವು ಹಣೆಯಲ್ಲಿ ಬರೆಸಿಕೊಂಡು ಬಂದವರು. ಮೂಲೆಯ ಡೈರಿ ಅಂಗಡಿಯ ಗುಜರಾತಿ ಯಜಮಾನ ಏನು ತಪ್ಪು ಮಾಡಿದ್ದ? ಹಾಲು, ಬ್ರೆಡ್ಡು ಮಾರಿಕೊಂಡು ಇದ್ದವನು! ಈಗ ಅತ್ತೆ ರಸ್ತೆ ದಾಟುವುದು ಕಂಡರೆ ಸಾಕು, ರಿಂಗೇ ಆಗದ ಫೋನನ್ನು ಕಿವಿಗೆ ಹಚ್ಚಿಕೊಂಡು "ಹಾಂ ಹಾಂ" ಅನ್ನತೊಡಗುತ್ತಾನೆ. ಕೊಳಾಯಿ ಸರಿಮಾಡಲು ಬಂದ ಇಲ್ಲಿನ ಬಿಳಿಯ ಪ್ಲಂಬರ್ ಮಾತ್ರ ಸಿಂಕಿನ ಕೆಳಗೆ ಸಿಕ್ಕಿಕೊಂಡಿದ್ದರಿಂದ ಓಡಲಾಗದೆ, ನೂರು ವರ್ಷದ ಹಿಂದಿನ ಬಾಲ್ಫರ್ ಘೋಷಣೆಯಿಂದ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡ. ಹೊರಡುವಾಗ ನನ್ನ ಕೈ ಹಿಡಿದು "ಆಲ್ ದ ಬೆಸ್ಟ್" ಅಂದ. ಅವನ ಕಣ್ಣಿನಲ್ಲಿದ್ದ ಅನುಕಂಪವನ್ನು ನಾನು ಮರೆಯಲಾರೆ.

ಕನ್ನಡದವರ ಭಾನುವಾರದ ಊಟದಲ್ಲಂತೂ ಮಾನವೇ ಹೋಯಿತು. ಊರಿನ ಉತ್ತರಕ್ಕಿರುವ ಆಲ್ಬನಿಯ ಕಡೆಯಿಂದ ಬಂದಿದ್ದ ಒಬ್ಬ ಬೆಂಗಳೂರಿನ ಇಂಜಿನಿಯರು, ಒಳ್ಳೆಯ ಹುಡುಗ, ಹೋಳಿಗೆ ಮುರಿಯುತ್ತಾ "ತುಂಬಾ ಸಿಂಪಲ್ ಆಂಟಿ. ಇಷ್ಟು ಜಾಗ ಇವರು ಕೊಡೋದು, ಅಷ್ಟು ಜಾಗ ಅವರು ಕೊಡೋದು, ಗಡಿ ಹಾಕೋದು, ಮುಗೀತು" ಅಂದ. ಸಿಂಪಲ್! ಆ ಪದ ಕೇಳಿದೊಡನೆ ಅತ್ತೆಯ ಮೂಗಿನ ಹೊಳ್ಳೆ ಅರಳಿದ್ದನ್ನು ನೋಡಿ ನಾನು ಚಪ್ಪಲಿ ಹುಡುಕತೊಡಗಿದೆ. ಅತ್ತೆ ಅವನ ತಟ್ಟೆಯಿಂದ ಅರ್ಧ ಹೋಳಿಗೆ ತೆಗೆದುಕೊಂಡರು. "ತಗೊಳ್ಳಿ ಆಂಟಿ" ಅಂದ. ಉಳಿದರ್ಧವನ್ನೂ ತೆಗೆದುಕೊಂಡರು. ಅವನು ನಕ್ಕ. ಆಮೇಲೆ "ಏಳು" ಅಂದು ಅವನ ಕುರ್ಚಿಯಲ್ಲೇ ಕೂತುಬಿಟ್ಟರು. ಹುಡುಗ ಖಾಲಿ ತಟ್ಟೆ ಹಿಡಿದು ನಿಂತ. "ಈಗ ಸಿಂಪಲ್ಲಾಗಿದೆಯೇನೋ?"

ಇದನ್ನು ನೋಡಿ ಪಕ್ಕದಲ್ಲಿದ್ದ ಹಿರಿಯರೊಬ್ಬರು ಚಪ್ಪಾಳೆ ತಟ್ಟಿ, "ಅದಕ್ಕೇ ಹೇಳೋದು, ಒಂದಿಂಚೂ ಬಿಟ್ಟುಕೊಡಬಾರದು!" ಅಂದರು. ತಟ್ಟಬಾರದಿತ್ತು. ಅತ್ತೆ ನಿಧಾನವಾಗಿ ಅವರ ಕಡೆ ತಿರುಗಿದರು. "ಹಾಗಾದ್ರೆ ನೀವು ನಿಮ್ಮ ಕುರ್ಚಿ ಕಾಯ್ತಾ ಕೂತಿರಿ. ಊಟಕ್ಕೆ ಏಳಬೇಡಿ, ಕೈ ತೊಳೆಯೋಕೂ ಏಳಬೇಡಿ. ರಾತ್ರಿ ನಿದ್ದೇನೂ ಮಾಡಬೇಡಿ. ಎದ್ರೆ ನಾನು ಕೂತ್ಕೋತೀನಿ." ಆ ಯಜಮಾನರು ಪಾಯಸಕ್ಕೂ ಏಳಲಿಲ್ಲ. ನಮ್ಮನ್ನು ಮುಂದಿನ ಊಟಕ್ಕೆ ಯಾರೂ ಕರೆಯಲೂ ಇಲ್ಲ.

ನನಗೂ ಸಿಟ್ಟಿದೆ ಸ್ವಾಮಿ, ನಾನೇನು ಕಲ್ಲೇ? ಮನೆಯ ನೆಮ್ಮದಿಗೋಸ್ಕರ ಅಂತ ಅಡುಗೆಮನೆಯಲ್ಲಿ ಮೇಲಿನ ಶೆಲ್ಫು ಅತ್ತೆಗೆ ಬಿಟ್ಟುಕೊಟ್ಟೆ. ನಡುವಿನದೂ ಹೋಯಿತು. ಈಗ ನನ್ನ ಓಟ್ಸ್ ಡಬ್ಬಿ ಗರಾಜಿನಲ್ಲಿ, ಹುಲ್ಲು ಕತ್ತರಿಸುವ ಯಂತ್ರದ ಪಕ್ಕದಲ್ಲಿದೆ. ಒಂದು ದಿನ ತಡೆಯಲಾರದೆ, "ನೋಡಿ ಅತ್ತೆ, ನನ್ನ ಡಬ್ಬೀನೂ ನಿರಾಶ್ರಿತ ಆಗೋಯ್ತು" ಅಂದೆ. ಚೆನ್ನಾಗಿ ಹೇಳಿದೆ ಅಂತ ನನಗೇ ಖುಷಿಯಾಗಿತ್ತು. ಅತ್ತೆ ಬೈಯಲಿಲ್ಲ. ಸೌಟು ಕೆಳಗಿಟ್ಟು, "ಈ ಮಾತನ್ನ ಮನೆ ಕಳಕೊಂಡೋರ ಮುಂದೆ ನಿಂತು ಹೇಳು ನೋಡೋಣ" ಅಂದರು. ಅವರು ಹೇಳಿದ್ದು ಸರಿ. ಸರಿಯಾಗಿ ಹೇಳಿದರಲ್ಲ ಅನ್ನುವುದಕ್ಕೇ ನನಗೆ ಇನ್ನಷ್ಟು ಉರಿಯಿತು.

ಇಷ್ಟಕ್ಕೂ ಈ ಹುಚ್ಚು ಎಲ್ಲಿಂದ ಬಂತು ಅಂತೀರಾ? ಇಬ್ಬರು ಗೆಳತಿಯರಿಂದ. ಅತ್ತೆಯ ವಾರ್ಡಿನಲ್ಲಿ ಜೊತೆಗೆ ದುಡಿದ ನರ್ಸುಗಳು. ಒಬ್ಬರು ಹುಟ್ಟಿದ್ದು ಪ್ಯಾಲೆಸ್ತೀನಿನ ನಾಬ್ಲಸ್‌ನಲ್ಲಿ, ಇನ್ನೊಬ್ಬರು ಇಸ್ರೇಲಿನ ಹೈಫಾದಲ್ಲಿ. ನನ್ನ ಮಗಳಿಗೆ ಅವರು ನಾಬ್ಲಸ್ ಆಂಟಿ, ಹೈಫಾ ಆಂಟಿ. ಪಾಳಿಪಟ್ಟಿಯ ರೋಸ್ಟರು ಬಂತೆಂದರೆ ಈ ಮೂವರದೇ ಒಂದು ಏರ್ಪಾಡು. ಈದ್ ದಿನ ನಾಬ್ಲಸ್ ಆಂಟಿಯ ಡ್ಯೂಟಿ ಉಳಿದಿಬ್ಬರು ಹಂಚಿಕೊಳ್ಳುವುದು, ಯಹೂದಿಗಳ ಪಾಸೋವರ್ ಹಬ್ಬದಲ್ಲಿ ಹೈಫಾ ಆಂಟಿಯದು, ದೀಪಾವಳಿಗೆ ಅತ್ತೆಯದು. ಹಬ್ಬದ ಮಾರನೆಯ ದಿನ ವಾರ್ಡಿನ ಟೀ ಕೋಣೆಯಲ್ಲಿ ಮೂರು ಧರ್ಮದ ತಿಂಡಿ. ನಿವೃತ್ತಿಯಾದ ಮೇಲೂ ಗುರುವಾರದ ಚಹಾ ನಮ್ಮ ಮನೆಯಲ್ಲೇ. ಆ ನಗು ಬೀದಿಯ ತುದಿಗೆ ಕೇಳುತ್ತಿತ್ತು.

ಆಮೇಲೆ 2023ರ ಆ ಅಕ್ಟೋಬರ್ ಬಂತು. ಇಸ್ರೇಲಿನ ಮೇಲಾದ ದಾಳಿಯಲ್ಲಿ ಹೈಫಾ ಆಂಟಿಯ ತಂಗಿಯ ಮೊಮ್ಮಗ ಹೋದ. ಅದರ ಹಿಂದೆಯೇ ಯುದ್ಧ. ಗಾಜಾಕ್ಕೆ ಮದುವೆಯಾಗಿ ಹೋಗಿದ್ದ ನಾಬ್ಲಸ್ ಆಂಟಿಯ ಚಿಕ್ಕಪ್ಪನ ಮಗಳು, ಅವಳ ಮಕ್ಕಳು, ಇಡೀ ಮನೆಯೇ ಮಣ್ಣಿನಡಿ ಹೋಯಿತು. ಮೊದಮೊದಲು ಇಬ್ಬರೂ ನಮ್ಮ ಸೋಫಾದಲ್ಲಿ ಕೂತು, ಚಹಾ ಕುಡಿದು ಎದ್ದು ಹೋಗುತ್ತಿದ್ದರು. ಒಂದು ಗುರುವಾರ ಹೈಫಾ ಆಂಟಿ, "ನಾವು ಜಾಗ ಬಿಟ್ಟುಕೊಟ್ಟು ನೋಡಿದೆವು, ನಮಗೆ ಸಿಕ್ಕಿದ್ದೇನು?" ಅಂದರು. ನಾಬ್ಲಸ್ ಆಂಟಿ, "ಬಿಟ್ಟುಕೊಡೋದಕ್ಕೆ ಅದು ನಿಮ್ಮದು ಯಾವಾಗ ಆಗಿತ್ತು?" ಅಂದರು. ಮಾತೆಲ್ಲ ಇಂಗ್ಲಿಷಿನಲ್ಲಿ, ತಗ್ಗಿದ ದನಿಯಲ್ಲೇ ನಡೆಯಿತು. ಒಬ್ಬರು ಮುಂಬಾಗಿಲಿನಿಂದ ಹೋದರು, ಇನ್ನೊಬ್ಬರು ಹಿತ್ತಿಲಿನಿಂದ. ಅಂದಿನಿಂದ ಅತ್ತೆ ಒಬ್ಬರ ಮನೆಗೆ ಗುರುವಾರ, ಇನ್ನೊಬ್ಬರ ಮನೆಗೆ ಶುಕ್ರವಾರ ಒಂದೇ ಕೋಡುಬಳೆ ಡಬ್ಬಿ ಹಿಡಿದು ಹೋಗುತ್ತಾರೆ. ಸುದ್ದಿಗೆ ಬೈಯುವುದೂ ಅಂದಿನಿಂದಲೇ ಶುರುವಾಯಿತು. ಎಲ್ಲಾದರೂ ಒಂದು ಉತ್ತರ ಸಿಕ್ಕರೆ ಅದನ್ನು ಕೊಂಡೊಯ್ದು ಆ ಇಬ್ಬರನ್ನೂ ಮತ್ತೆ ಒಟ್ಟಿಗೆ ಕೂರಿಸಬಹುದು ಅನ್ನುವ ಆಸೆ. ಪ್ಲಂಬರನ ಹತ್ತಿರ ಸಿಕ್ಕುತ್ತದೆಯೇ ಅದು?

ಈ ನಡುವೆ ಅತ್ತೆಯ ಮಂಡಿ ಕೈಕೊಟ್ಟಿತು. ಹೊಸ ಮಂಡಿ ಹಾಕಿಸಬೇಕಾಯಿತು. ನಾನು ಆಫೀಸಿಗೆ ರಜೆ ಹಾಕಿದೆ, ಗಂಡ ಮನೆಯಿಂದಲೇ ಕೆಲಸ ಮಾಡುತ್ತೇನೆಂದ. ಅತ್ತೆ ಇಬ್ಬರನ್ನೂ ಕಣ್ಣೆತ್ತಿ ನೋಡಿ, "ನಿಮಗೆ ಬಿಪಿ ನೋಡೋಕೆ ಬರುತ್ತಾ? ಕಾಲು ಊದಿದ್ರೆ ಯಾವ ಊತ ಅಂತ ಗೊತ್ತಾಗುತ್ತಾ? ನನ್ನ ಡ್ಯೂಟಿಗೆ ನಾನು ಜನ ಗೊತ್ತುಮಾಡಿದೀನಿ" ಅಂದರು. ನನ್ನ ಸಿಟ್ಟು ನೆತ್ತಿಗೇರಿತು. ಸೊಸೆ ಇಟ್ಟ ಗಂಜಿ ಬೇಡ, ಹೊರಗಿನವರು ಬೇಕು! ನಾಳೆ ಮೈಸೂರಿನವರೆಲ್ಲ ನನ್ನನ್ನು ಏನಂದುಕೊಳ್ಳುತ್ತಾರೆ?

ಜನ ಯಾರು ಅಂತೀರಿ? ಬೆಳಗಿನ ಪಾಳಿಗೆ ನಾಬ್ಲಸ್ ಆಂಟಿ, ಮಧ್ಯಾಹ್ನದ ಪಾಳಿಗೆ ಹೈಫಾ ಆಂಟಿ. ಇನ್ನೊಬ್ಬರು ಬರುತ್ತಾರೆಂದು ಇಬ್ಬರಿಗೂ ಹೇಳಿಯೇ ಇರಲಿಲ್ಲ. "ನನ್ನದೊಂದು ಪಾಳಿ ಮಾಡ್ತೀಯಾ?" ಅಂತ ಹಳೆಯ ಕಾಲದ ಹಾಗೆ ಕೇಳಿದ್ದರಂತೆ. ಯಾವ ನರ್ಸಿಗೂ ಗೆಳತಿಯ ಆ ಮಾತಿಗೆ ಇಲ್ಲ ಅನ್ನಲು ಬರುವುದಿಲ್ಲ.

ಮೊದಲ ದಿನ ಮಧ್ಯಾಹ್ನ ಬಾಗಿಲಿನಲ್ಲಿ ಇಬ್ಬರೂ ಎದುರಾದರು. ನಾಬ್ಲಸ್ ಆಂಟಿ ಕೋಟು ಎತ್ತಿಕೊಂಡರು. ಹೈಫಾ ಆಂಟಿ ಕಾರಿನ ಕಡೆ ತಿರುಗಿದರು. ಒಳಗಿನಿಂದ ಅತ್ತೆಯ ಗರ್ಜನೆ: "ಹ್ಯಾಂಡೋವರ್ ಕೊಡದೆ ಅದು ಹೇಗೆ ಹೋಗ್ತೀಯಾ!"

ಅದು ಅವರ ವೃತ್ತಿಯ ಕಟ್ಟಳೆ. ಪಾಳಿ ಮುಗಿದವರು ಬಂದವರಿಗೆ ರೋಗಿಯ ಹಾಸಿಗೆಯ ಪಕ್ಕದಲ್ಲೇ ನಿಂತು ಎಲ್ಲವನ್ನೂ ಹೇಳಿ ಒಪ್ಪಿಸಬೇಕು. ಮನಸ್ತಾಪ ಏನೇ ಇರಲಿ, ಹೇಳದೆ ಹೋಗುವ ಹಾಗಿಲ್ಲ. ಇಬ್ಬರೂ ಹಾಸಿಗೆಯ ಆಚೀಚೆ ನಿಂತರು. ಬಿಪಿ ಇಷ್ಟು, ನೋವಿನ ಮಾತ್ರೆ ಈಗ ಕೊಟ್ಟೆ, ಗಾಯ ಒಣಗಿದೆ, ಉಪ್ಪಿಟ್ಟು ಬೇಡವೆಂದು ಹಟ ಮಾಡಿದಳು, ಬಾತ್‌ರೂಮಿಗೆ ನಡೆಸಿದೆ, ಬೈದಳು. ಅಷ್ಟೇ. ಒಬ್ಬರ ಮುಖ ಇನ್ನೊಬ್ಬರು ನೋಡಲಿಲ್ಲ.

ನನ್ನ ಬಾಯಿ ಸುಮ್ಮನಿರಬೇಕಲ್ಲ. ಸಂಜೆ ಅತ್ತೆಯನ್ನು ಕೇಳಿದೆ, "ಇದರಿಂದ ಶಾಂತಿ ಬಂದುಬಿಡುತ್ತಾ?"

"ಬರಲ್ಲ ಕಣೇ ಪೆದ್ದಿ" ಅಂದರು, ಇನ್ನೂ ಸಿಟ್ಟಿನಲ್ಲೇ. "ಜಾಗದ ವಿಷಯ ಜಾಗದವರು ಕೂತು ತೀರಿಸ್ಕೋಬೇಕು, ನಾನ್ಯಾವಳು? ಕೊಟ್ಟೋನು 'ಕೊಟ್ಟೆ' ಅಂತ ಎದೆ ತಟ್ಕೋತಾನೆ. ತಗೊಂಡೋನು 'ನಂದೇ ತಾನೇ' ಅಂತಾನೆ. ಇಬ್ಬರಿಗೂ ಹೊಟ್ಟೆ ಉರಿ. ನಾನು ದೀಪಾವಳಿ ರಜ ಕೇಳಿದಾಗ ಇವರಿಬ್ರಲ್ಲಿ ಒಬ್ಬರಾದ್ರೂ 'ನಿಂಗ್ಯಾಕೆ ದೀಪಾವಳಿ?' ಅಂದಿದ್ರಾ? ಅದು ನಂದು ಅಂತ ಅವರಿಗೆ ಗೊತ್ತಿತ್ತು. ಅಷ್ಟು ಗೊತ್ತಿಲ್ದೆ ಎಷ್ಟು ಜಾಗ ಕೊಟ್ಟು ಏನು ಬಂತು?" ಆಮೇಲೆ ದಿಂಬಿನ ಮೇಲೂ ಸಿಟ್ಟು ತೀರಿಸಿಕೊಂಡು ಆ ಕಡೆ ತಿರುಗಿದರು.

ದಿನ ಕಳೆದಂತೆ ಹ್ಯಾಂಡೋವರು ಸ್ವಲ್ಪ ಉದ್ದವಾಯಿತು. ಉಪ್ಪಿಟ್ಟಿನ ಹಟಕ್ಕೆ ಇಬ್ಬರೂ ಒಟ್ಟಿಗೆ ಅತ್ತೆಯನ್ನೇ ಬೈದರು. ಅತ್ತೆಗೆ ನಡೆಯಲು ಬರತೊಡಗಿತು. ಇನ್ನು ಪಾಳಿಯ ಅಗತ್ಯವಿಲ್ಲ ಅನ್ನುವುದು ನನಗೂ ಗೊತ್ತಾಯಿತು, ಅವರಿಗೂ ಗೊತ್ತಿತ್ತು. ಕೊನೆಯ ದಿನ ನಾನು ಚಹಾ ತೆಗೆದುಕೊಂಡು ಹೋದಾಗ ನಾಬ್ಲಸ್ ಆಂಟಿ ವರದಿ ಮುಗಿಸುತ್ತಿದ್ದರು. ರೋಗಿ ಚೆನ್ನಾಗಿದ್ದಾಳೆ, ಹೇಳಲು ಇನ್ನೇನೂ ಇಲ್ಲ ಅಂದರು. ಕೋಟು ತೋಳಿನ ಮೇಲಿತ್ತು.

ಹೈಫಾ ಆಂಟಿ ತಲೆಯೆತ್ತಿ ಮೊದಲ ಸಲ ಅವರ ಮುಖ ನೋಡಿದರು. "ನೀನು ನಿದ್ದೆ ಮಾಡ್ತಿದ್ದೀಯಾ?" ಅಂದರು.

ನಾಬ್ಲಸ್ ಆಂಟಿ ತೋಳಿನ ಮೇಲಿದ್ದ ಕೋಟನ್ನು ಸರಿಮಾಡಿಕೊಂಡರು. "ಇಲ್ಲ" ಅಂದರು. "ನೀನು?"

"ನಾನೂ ಇಲ್ಲ."

ನಾಬ್ಲಸ್ ಆಂಟಿ ಹೋಗಲಿಲ್ಲ. ಹಾಸಿಗೆಯ ತುದಿಯಲ್ಲಿ ಕೂತರು. ಹೈಫಾ ಆಂಟಿ ಆ ತುದಿಯಲ್ಲಿ ಕೂತರು. ನಡುವೆ ಅತ್ತೆ ಕಣ್ಣು ಮುಚ್ಚಿ ಮಲಗಿದ್ದರು, ನಿದ್ದೆ ಬಂದವರ ಹಾಗೆ. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕಿವಿಯ ಹತ್ತಿರ ದಿಂಬು ಒದ್ದೆಯಾಗುತ್ತಿತ್ತು. ನಾನು ಲೋಟ ಹಿಡಿದು ಅಲ್ಲೇ ಪೆಚ್ಚಾಗಿ ನಿಂತಿದ್ದೆ. ಅತ್ತೆ ಒಂದು ಕಣ್ಣನ್ನು ಒಂಚೂರು ತೆರೆದು, ನನ್ನನ್ನು ಕೆಕ್ಕರಿಸಿ ನೋಡಿ, ಹೊರಗೆ ಹೋಗಿ ಬಾಗಿಲು ಹಾಕಿಕೋ ಅಂತ ಕೈಸನ್ನೆ ಮಾಡಿದರು.