ಗಣಿಯ ಛಾವಣಿಯನ್ನು ಅನುಮತಿಯಿಲ್ಲದೆ ತಟ್ಟಿ ನೋಡಿದ ಬಗ್ಗೆ

ಭೂಗರ್ಭ ಸ್ಥಿರತಾ ಗಣನ ವಿಭಾಗ, ಮಹಾಪೆ
ಸಂಖ್ಯೆ: ಭೂಸ್ಥಿ/ಛಾವಣಿ/17/2011-12
ದಿನಾಂಕ: 14-7-2011

ವಿಷಯ: ಕಲ್ಲಿದ್ದಲು ಗಣಿಯ ನಾಲ್ಕನೇ ಸುರಂಗವು ಕಂಪ್ಯೂಟರಿನ ಮಾತು ಮೀರಿ ಕುಸಿದದ್ದು, ಜವಾನ ಶ್ರೀ ಬಾಲಪ್ಪನವರ ದುರ್ನಡತೆ.

ಉಲ್ಲೇಖ: ಕಂಪ್ಯೂಟರ್ ಮಾದರಿಯ ವರದಿ, "ಹನ್ನೆರಡು ವರ್ಷ ಅಲುಗಾಡದು."

ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ಗಣಿ ನೋಡಲು ಹೊರಟ ಇಂಜಿನಿಯರ್ ಶ್ರೀ ಲತೀಶ್ ಅವರ ಕಂಪ್ಯೂಟರ್ ಬ್ಯಾಗ್ ಹೊರುವುದಕ್ಕೆ ಮಾತ್ರ ಬಾಲಪ್ಪನವರನ್ನು ಕಳುಹಿಸಲಾಗಿತ್ತು. ಇಪ್ಪತ್ತೆರಡು ವರ್ಷ ಗಣಿಯೊಳಗೇ ದುಡಿದು ಬಂದ ಸದರಿಯವರು ಹಳೆಯ ಚಟ ಬಿಡಲಾರದೆ, ಸಂತೆಯಲ್ಲಿ ಗಡಿಗೆ ಕೊಳ್ಳುವವರ ಹಾಗೆ ಛಾವಣಿಯನ್ನು ಕೋಲಿನಿಂದ ತಟ್ಟಿ, ಕಿವಿಗೊಟ್ಟು, "ಪೊಳ್ಳ ಸಪ್ಳ ಬರ್ಲತ್ತದರಿ ಸಾಹೇಬ್ರ, ಮಂದೀನ ಹೊರಗ ಕರೀರಿ" ಎಂದಿರುತ್ತಾರೆ. "ಮಾಡೆಲಲ್ಲಿ ಎಲ್ಲ ಹಸಿರೇ ಉಂಟು ಬಾಲಪ್ಪಣ್ಣ, ನೀವು ಬ್ಯಾಗ್ ಹಿಡ್ಕೊಳ್ಳಿ ಸಾಕು" ಎಂದು ಲತೀಶ್ ಅವರು ತಿಳಿಹೇಳಿದರೂ, "ಹಸರು ನಿಮ್ಮ ಡಬ್ಬ್ಯಾಗ ಅದ, ಕಲ್ಲು ಇವರ ತಲಿ ಮ್ಯಾಲ ಅದ" ಎಂದು ಎದುರಾಡಿ, ಮೂವತ್ತೊಂದು ಮಂದಿ ಕಾರ್ಮಿಕರನ್ನು ರಟ್ಟೆ ಹಿಡಿದು ಹೊರಗೆಳೆದಿರುತ್ತಾರೆ. ತಾಸು ಕಳೆಯುವುದರೊಳಗೆ ಛಾವಣಿ ಬಿದ್ದಿದೆ. ಆಗ ಒಳಗೆ ಯಾರೂ ಇಲ್ಲದ್ದರಿಂದ ಕುಸಿತಕ್ಕೆ ನಂಬಲರ್ಹ ಸಾಕ್ಷಿಯಿಲ್ಲ.

ಆದ್ದರಿಂದ ಕೆಳಕಂಡಂತೆ ಆದೇಶಿಸಲಾಗಿದೆ:

1. ಮಾದರಿ ಸರಿಯಾಗಿಯೇ ಇದೆ. ಛಾವಣಿ ಹೊರಲೆಂದು ಬಿಟ್ಟ ಕಲ್ಲಿದ್ದಲ ಕಂಬಗಳ ಅಗಲ ಇಪ್ಪತ್ತು ಮೀಟರ್ ಎಂದು ಅದರಲ್ಲಿ ತುಂಬಲಾಗಿದೆ. ಸ್ಥಳದಲ್ಲಿ ಕೆತ್ತಿಸಿಕೊಂಡು ಕೆತ್ತಿಸಿಕೊಂಡು ಹನ್ನೊಂದಕ್ಕೆ ಇಳಿದದ್ದು ಕಂಬಗಳ ತಪ್ಪು.

2. ಇನ್ನು ಮುಂದೆ ಕುಸಿಯಲಿಚ್ಛಿಸುವ ಛಾವಣಿಗಳು ಹದಿನೈದು ದಿನ ಮುಂಚಿತವಾಗಿ, ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು.

3. ಆಸರೆಗೆ ನಿಲ್ಲಿಸಿದ ಮರದ ದಿಮ್ಮಿಗಳು ಕಚೇರಿ ವೇಳೆಯಲ್ಲಿ ಕರಕರ ಎನ್ನತಕ್ಕದ್ದಲ್ಲ.

4. ಕಿವಿಯು ವಿಭಾಗದ ಮಂಜೂರಾದ ಉಪಕರಣಗಳ ಪಟ್ಟಿಯಲ್ಲಿಲ್ಲ. ಅದರಿಂದ ಉಳಿದ ಮೂವತ್ತೊಂದು ಜೀವಗಳನ್ನು "ಮಾದರಿಗೆ ವಿರುದ್ಧವಾಗಿ ಉಳಿದವು" ಎಂದು ನಮೂದಿಸುವುದು.

5. ಶ್ರೀ ಬಾಲಪ್ಪನವರನ್ನು ಅಮಾನತಿನಲ್ಲಿಡಲಾಗಿದೆ. ಈ ಅವಧಿಯಲ್ಲಿ ಅವರು ಕಚೇರಿಯ ಹೊಸ್ತಿಲಾಗಲಿ ಗಣಿಯ ಬಾಯಾಗಲಿ ತುಳಿಯಕೂಡದು.

6. ಐದನೇ ಸುರಂಗಕ್ಕೆ ಇಳಿಯಲು ಕಾರ್ಮಿಕರು ಒಲ್ಲೆವೆಂದಿರುವುದರಿಂದ, ಅವರಿಗೆ ಧೈರ್ಯ ತುಂಬಲು ಮಾನ್ಯ ನಿರ್ದೇಶಕರು 22ರಂದು ಖುದ್ದಾಗಿ ಇಳಿಯಲಿದ್ದಾರೆ. ಅವರಿಗಿಂತ ಹತ್ತು ಹೆಜ್ಜೆ ಮುಂದೆ ಶ್ರೀ ಬಾಲಪ್ಪನವರು ಛಾವಣಿ ತಟ್ಟುತ್ತ ನಡೆಯತಕ್ಕದ್ದು. ಇದನ್ನು ಪರೀಕ್ಷೆಯೆಂದು ಭಾವಿಸದೆ ಸ್ವಾಗತ ವಾದ್ಯವೆಂದು ಪರಿಗಣಿಸುವುದು.

ಸಹಿ/-
ಜಯಶೀಲ
ಉಪ ನಿರ್ದೇಶಕರು (ಕುಸಿಯದಿರುವಿಕೆ)

ಪ್ರತಿಗಳು:

ನಾಲ್ಕನೇ ಸುರಂಗದ ಛಾವಣಿಗೆ, ಮೂರು ದಿನದೊಳಗೆ ಸಮಜಾಯಿಷಿ ಕೋರಿ.

ಮಾನ್ಯ ನಿರ್ದೇಶಕರಿಗೆ, ಸಾನಪಾಡಾ ನಿವಾಸ. 22ರಂದು ತಮಗೆ ಜ್ವರ ಬರಲಿದೆಯೆಂದು ಅವರು ಬರೆದ ಪತ್ರ ತಲುಪಿದೆ.

ಶ್ರೀ ಬಾಲಪ್ಪನವರಿಗೆ, ತುರ್ಭೆ. ಕರಡನ್ನು ಮೊದಲೇ ಮುಟ್ಟಿಸಿದಾಗ ಅವರ ಪತ್ನಿ ಶ್ರೀಮತಿ ಚಂದ್ರಬಾಯಿ ಅದರ ಬೆನ್ನಿಗೆ ಬರೆದು ಹಿಂದಿರುಗಿಸಿದ ಷರಾ ಕಡತದಲ್ಲಿದೆ: "ಐದನೇದು ಓದೀವ್ರಿ. ತುಳೀಬ್ಯಾಡ ಅಂದೀರಿ, ತುಳ್ಯಂಗಿಲ್ಲ. ಆರನೇದಕ್ಕ ನಿಮ್ಮ ಕಂಪ್ಯೂಟರನ್ನ ಹತ್ತು ಹೆಜ್ಜಿ ಮುಂದ ನಡಸ್ರಿ."