ಮಂಡಿನೋವಿಗೆ ಬಿದ್ದುಹೋದ ಸೇತುವೆ ಮಸೂದೆ

ಇಂದ: ಹೊಳೆಯಾಚೆ ಕ್ಷೇತ್ರದ ಸದಸ್ಯ, ಹಿಂದಿನ ಸಾಲು, ಕಂಬದ ಪಕ್ಕದ ಕುರ್ಚಿ

ಗೆ: ಮಾನ್ಯ ಸಭಾಧ್ಯಕ್ಷರು, ಶಾಸನಸಭೆ

ವಿಷಯ: ಅರ್ಜಿದಾರನು ತನ್ನದೇ ಮಸೂದೆಯ ವಿರುದ್ಧ ಮತ ಹಾಕಿದನೆಂಬ ತಪ್ಪನ್ನು ದಯವಿಟ್ಟು ತಿದ್ದದಿರುವ ಬಗ್ಗೆ

ಉಲ್ಲೇಖ: ಸದರಿ ತಪ್ಪನ್ನು ತಿದ್ದಿ ಎಂದು ಇದೇ ಅರ್ಜಿದಾರನು ನಿನ್ನೆ ಕೊಟ್ಟ ಅರ್ಜಿ

ಮಾನ್ಯರೇ,

೧. ಮೊನ್ನೆ ಹೊಳೆ ಸೇತುವೆ ಮಸೂದೆ ಮತಕ್ಕೆ ಬಂತು. ತಂದವನು ಅರ್ಜಿದಾರನೇ. ತಾವು "ಪರ ಇರುವವರು ಎದ್ದು ನಿಲ್ಲಿ" ಎಂದಿರಿ. ಎರಡೂ ಮಂಡಿ ಸವೆದಿರುವ ಕಾರಣ, ಆತ ಮೇಜು ಹಿಡಿದು ಉಸ್ಸಪ್ಪಾ ಎಂದು ಏಳುವಷ್ಟರಲ್ಲಿ ಪರ ಎಣಿಕೆ ಮುಗಿದು "ವಿರೋಧ ಇರುವವರು" ಎಂದಾಗಿತ್ತು. ಗುಮಾಸ್ತರು ನಿಂತವರನ್ನು ಎಣಿಸಿದರು. ಮಸೂದೆ ಒಂದೇ ಮತದಿಂದ ಬಿತ್ತು.

೨. ಊರಿಗೆ ಮರಳುವಾಗ ದೋಣಿಯವನು "ಅಣ್ಣಾ, ನನ್ನ ಅನ್ನ ಉಳಿಸಿದ್ರಿ" ಎಂದು ಬಾಡಿಗೆಯನ್ನೇ ಮುಟ್ಟಲಿಲ್ಲ. ಮನೆ ಬಾಗಿಲಲ್ಲಿ ಹೆಂಡತಿ, "ಮೊದಲನೇ ಮೊಮ್ಮಗು ನಡುಹೊಳೇಲಿ ದೋಣಿ ಮೇಲೆ ಹುಟ್ತು. ಮಗಳಿಗೆ ಆ ದಿಗಿಲು ಇನ್ನೂ ಬಿಟ್ಟಿಲ್ಲ. ನೀವು ಹೋಗಿ ಸೇತುವೆ ಬೇಡ ಅಂದ್ರಾ?" ಎಂದಳು. ಅರ್ಜಿದಾರನ ಕಣ್ಣು ತುಂಬಿತು.

೩. ಆದ್ದರಿಂದ ನಿನ್ನೆಯ ಅರ್ಜಿ. ತಮ್ಮ ಕಾರ್ಯದರ್ಶಿಯವರು ಕನಿಕರದಿಂದ, "ಕಡತದಲ್ಲಿ ನಿಮ್ಮ ಮತ ತಿದ್ದಿಸ್ತೀನಿ ಸಾರ್. ಆದ್ರೆ ಘೋಷಣೆ ಆದ ಫಲಿತಾಂಶ ಬದಲಾಗಲ್ಲ" ಎಂದರು. ಮತ್ತೊಮ್ಮೆ ಮತಕ್ಕೆ ಹಾಕಿಸಬಹುದೇ ಎಂದು ಕೇಳಲಾಗಿ, "ಧಾರಾಳವಾಗಿ! ಆದ್ರೆ ಗೆದ್ದ ಕಡೆಯವರೇ ಕೇಳ್ಬೇಕು. ಸೋತವರಿಗೆ ಬಿಟ್ರೆ ದಿನಾ ಕೇಳ್ತಾನೇ ಇರ್ತಾರಲ್ಲ ಸಾರ್?" ಎಂದರು.

೪. ಗೆದ್ದ ಕಡೆಯಲ್ಲಿ ಸೇತುವೆ ಬೇಕೆನ್ನುವ ಪುಣ್ಯಾತ್ಮ ಇಡೀ ಸಭೆಗೆ ಒಬ್ಬನೇ, ಅವನು ಅರ್ಜಿದಾರ. ಕಡತ ತಿದ್ದಿದರೆ ಅವನೂ ಸೋತವರ ಸಾಲಿಗೆ ಸೇರುತ್ತಾನೆ, ಸೇತುವೆ ನೀರುಪಾಲಾಗುತ್ತದೆ.

ಆದಕಾರಣ, ಅರ್ಜಿದಾರನು ಪೂರ್ಣ ಬುದ್ಧಿಯಿಂದ, ಯಾರ ಒತ್ತಾಯವೂ ಇಲ್ಲದೆ, ತನ್ನ ಮಸೂದೆಯನ್ನು ತಾನೇ ಬೀಳಿಸಿದ್ದಾನೆಂದು ದಯಮಾಡಿ ನಂಬಿ, ಗೆದ್ದವನೆಂಬ ಆ ಹಕ್ಕಿನ ಮೇಲೆ ಮರುಮತಕ್ಕೆ ಅವಕಾಶ ಕೊಡಬೇಕಾಗಿ ಕೋರಿಕೆ.

ಮನಸ್ಸಿನಲ್ಲಿ ತಮ್ಮ ವಿಶ್ವಾಸಿ, ಕಡತದಲ್ಲಿ ವಿರೋಧಿ,
ಅರ್ಜಿದಾರ

ಲಗತ್ತು:
೧. ಎರಡೂ ಮಂಡಿಗಳ ಎಕ್ಸ್‌ರೇ
೨. ವಿರೋಧ ಮತಕ್ಕೆ ಸಾಕ್ಷಿಯಾಗಿ, ದೋಣಿಯವನ ಕೃತಜ್ಞತಾ ಪತ್ರ

ವಿ.ಸೂ.: ಮರುಮತದ ದಿನ ಅರ್ಜಿದಾರನು ಮೊದಲೇ ಎದ್ದು ನಿಂತಿರುತ್ತಾನೆ. ಆದರೆ ಅವನಿಗೆ ಕೂರುವುದೂ ಏಳುವಷ್ಟೇ ತಡ. ಪರ ಎಣಿಕೆ ಮುಗಿದ ಕೂಡಲೇ ಹೆಗಲು ಅದುಮಿ ಕೂರಿಸಲು ಹೆಂಡತಿಯೇ ಬರುವುದಾಗಿ ಹಟ ಹಿಡಿದಿದ್ದಾಳೆ. ಆಕೆಗೆ ಸಭಾಂಗಣದೊಳಕ್ಕೆ ಪಾಸ್ ಕೊಡಿಸಿ, ಬೆನ್ನ ಹಿಂದೆ ನಿಂತಿರುವ ಆಕೆಯನ್ನು ವಿರೋಧಕ್ಕೆ ಎಣಿಸದಂತೆ ಗುಮಾಸ್ತರಿಗೆ ಆದೇಶಿಸಬೇಕಾಗಿ ವಿನಂತಿ.