ಬಂಡಿಯ ಹಿಂದೆ ನಮ್ಮ ಕಾಕಾನ ಜೀಪು

ನಮ್ಮ ಕಾಕಾ ಹುಬ್ಬಳ್ಳಿಯಿಂದ ಕನ್ಯಾಕುಮಾರಿಯವರೆಗೆ ಜೀಪು ಓಡಿಸಿಕೊಂಡು ಹೋಗಿ, ಓಡಿಸಿಕೊಂಡು ಬಂದವರು. ಹೋಗುವಾಗ ಆಗಲಿ ಬರುವಾಗ ಆಗಲಿ, ಒಂದೇ ಒಂದು ಎತ್ತಿನ ಬಂಡಿಯನ್ನೂ ಅವರು ಹಿಂದೆ ಹಾಕಲಿಲ್ಲ! ನಂಬುವುದಿಲ್ಲವೇ? ನಾನು ಆ ಜೀಪಿನ ಹಿಂಭಾಗದಲ್ಲಿ ಅವಲಕ್ಕಿ ಡಬ್ಬಿಗಳ ನಡುವೆ ಕುಳಿತಿದ್ದೆ. ನನಗೆ ಕಂಡ ಭಾರತ ದೇಶವೆಂದರೆ ಜೋಳದ ಕಣಿಕೆಯ ಹೊರೆ, ಹತ್ತಿ ತುಂಬಿದ ಅಂಡಿಗೆ, ಮತ್ತೆ ಕಣಿಕೆಯ ಹೊರೆ.

ಕಾಕಾ ಹೆದರುಪುಕ್ಕಲರೆಂದು ತಿಳಿಯಬೇಡಿ. ಮಳೆಗಾಲದಲ್ಲಿ ಎರೆಮಣ್ಣಿನ ಕೆಸರೊಳಗೆ ಬೇರೆಯವರು ಕಾಲಿಡಲು ಹಿಂದುಮುಂದು ನೋಡುವ ಕಡೆ ಅವರು ಜೀಪು ನುಗ್ಗಿಸುತ್ತಿದ್ದರು. ತೊಂದರೆ ಇದ್ದದ್ದು ಜೀಪಿನಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಗಾಡಿ ಅದು, ಯಾರ್ಯಾರದೋ ಕೈ ದಾಟಿ ಹುಬ್ಬಳ್ಳಿ ಗೋಪನಕೊಪ್ಪದ ಕಾಕಾನ ಮನೆಗೆ ಬಂದಿತ್ತು. ಅಮೆರಿಕದ್ದಾದ್ದರಿಂದ ಸ್ಟೇರಿಂಗು ಎಡಕ್ಕೆ. ನಾವಾದರೋ ರಸ್ತೆಯ ಎಡಬದಿಯಲ್ಲಿ ಸಾಗುವ ಜನ. ಹೀಗಾಗಿ ಎಡಕ್ಕೆ ಕುಳಿತು ಓಡಿಸುವವನಿಗೆ ಮುಂದಿನ ಬಂಡಿಯ ಬೆನ್ನು ಬಿಟ್ಟು ಬೇರೇನೂ ಕಾಣದು. ಎದುರಿಗೆ ಲಾರಿ ಬರುತ್ತಿದೆಯೋ ಇಲ್ಲವೋ ಎಂಬುದನ್ನು ಬಲಗಡೆ ಕುಳಿತವರು ಕತ್ತು ಚಾಚಿ ನೋಡಿ ಹೇಳಬೇಕು. ಆ ಬಲಗಡೆಯ ಸೀಟು ಕಾಕಾನ ಹೆಂಡತಿಯದು, ಅಂದರೆ ನಮ್ಮ ಚಿಗವ್ವನದು.

“ಏನಂತೀ, ಹೋಗಲೇನ?” ಎಂದು ಕಾಕಾ ಕೇಳುವರು.

ಚಿಗವ್ವ ಸೆರಗು ಸರಿಮಾಡಿಕೊಂಡು ರಸ್ತೆಯ ಕಡೆ ವಾಲಿ, ಗಂಭೀರವಾಗಿ ನೋಡಿ, “ಬ್ಯಾಡ್ರಿ, ತಡೀರಿ” ಎನ್ನುವರು.

ಮುಗಿಯಿತು! ಕಾಕಾ ಗೇರು ಇಳಿಸುವರು, ಜೀಪು ಎತ್ತಿನ ಹೆಜ್ಜೆಗೆ ಹೆಜ್ಜೆ ಹಾಕುವುದು. ಇಷ್ಟು ವರ್ಷದಲ್ಲಿ ಚಿಗವ್ವ ಒಮ್ಮೆಯೂ “ಹೋಗ್ರಿ” ಎಂದದ್ದನ್ನು ನಾನಂತೂ ಕೇಳಿಲ್ಲ.

ಕಾಕಾನ ಹೊಲ ಶಿರಗುಪ್ಪಿಯಲ್ಲಿ. ಆ ದಾರಿಯ ಬಂಡಿಕಾರರಿಗೆಲ್ಲ ಈ ಜೀಪು ಮನೆಯ ದನದಷ್ಟು ಪರಿಚಿತ. ಒಬ್ಬನಂತೂ ಬಂಡಿಯಲ್ಲಿ ಹಿಂದಕ್ಕೆ ಮುಖ ಮಾಡಿ ಕುಳಿತು ಕಾಕಾನ ಸಂಗಡ ಮಾತಿಗಿಳಿದಿದ್ದ. ಶಿರಗುಪ್ಪಿ ಮುಟ್ಟುವುದರೊಳಗೆ ಕಾಕಾ ಅವನ ಮಗಳಿಗೆ ವರ ಗೊತ್ತುಮಾಡಿದ್ದರು! ಇಷ್ಟು ಉಪಕಾರವಾದ ಮೇಲೆ ಅವನಿಗೂ ಕರುಣೆ ಬಂತು.

“ಯಜಮಾನ್ರ, ರಸ್ತಾ ಖಾಲಿ ಐತ್ರಿ, ಮುಂದ ಹೋಗ್ರಿ.”

“ನೀ ಹೇಳಿದ್ರ ಆತೇನೋ? ಬಲಗಡಿಯವರು ಹೇಳಬೇಕು!” ಎಂದರು ಕಾಕಾ.

ಇಂಥ ಕಾಕಾ ಒಂದು ಸಂಘದ ಸದಸ್ಯರೂ ಆಗಿದ್ದರು. ಹುಬ್ಬಳ್ಳಿಯಲ್ಲಿ ಹಳೆಯ ಜೀಪು ಇಟ್ಟುಕೊಂಡಿದ್ದ ಐದು ಜನ ಸೇರಿ ಕಟ್ಟಿಕೊಂಡ ಸಂಘ. ಅಧ್ಯಕ್ಷರು ಒಬ್ಬ ಹತ್ತಿ ವ್ಯಾಪಾರಿ. ಪ್ರತಿ ರವಿವಾರ ಕೂಡುವುದು, ಬಾನೆಟ್ ಎತ್ತಿ ಐದೂ ಜನ ಒಳಗೆ ಇಣುಕುವುದು, ತಲೆ ಅಲ್ಲಾಡಿಸುವುದು, ಮುಚ್ಚುವುದು, ಚುರುಮುರಿ ತಿನ್ನುವುದು. ಇಷ್ಟೇ ಸಂಘದ ಕಾರ್ಯಕಲಾಪ. ಆದರೆ ಕಾಕಾನಿಗೆ ರವಿವಾರವೆಂದರೆ ಜೀವ. ಶನಿವಾರ ಸಂಜೆಯೇ ಅಂಗಿಗೆ ಇಸ್ತ್ರಿಯಾಗುತ್ತಿತ್ತು. ಮಕ್ಕಳಿಲ್ಲದ ಮನೆ. ಎದೆ ಬಿಚ್ಚಿ ನಗುವುದಕ್ಕೆ ಅವರಿಗೆ ಇದ್ದದ್ದು ಆ ನಾಲ್ವರು ಗೆಳೆಯರೇ.

ಆ ಸಂಘ ಬೇಸಿಗೆಯಲ್ಲಿ ಕನ್ಯಾಕುಮಾರಿಗೆ ಹೊರಡುವುದೆಂದು ನಿಶ್ಚಯಿಸಿತು.

“ದೂರದ ದಾರಿ. ಹೆಣ್ಣಮಕ್ಕಳು ಬ್ಯಾಡ” ಎಂದರು ಅಧ್ಯಕ್ಷರು.

“ಹಂಗಾದ್ರ ನನ್ನ ಜೀಪ ಬರಾಂಗಿಲ್ರಿ. ಅರ್ಧಾ ಡ್ರೈವರ್ ಮನ್ಯಾಗ ಕುಂತ್ರ ಇನ್ನರ್ಧಾ ಎಲ್ಲಿಗೆ ಹೋಗತೈತಿ?” ಎಂದರು ಕಾಕಾ.

ಕಡೆಗೆ ಅಧ್ಯಕ್ಷರೇ ಸೋತರು. ಚಿಗವ್ವನಿಗೆ ಜೊತೆ ಬೇಕೆಂದು, ಸಾಲೆಯ ಸೂಟಿಯಲ್ಲಿ ಸುಮ್ಮನಿದ್ದ ನನ್ನನ್ನೂ ಹತ್ತಿಸಿಕೊಂಡರು. ನಾನು ಆಗ ಪ್ರಾಥಮಿಕ ಸಾಲೆಯಲ್ಲಿ ಹೊಸದಾಗಿ ಪಾಠ ಹೇಳುವ ಅಕ್ಕೋರು ಆಗಿದ್ದೆ.

ಶಿಗ್ಗಾವಿ ಬರುವುದರೊಳಗೆ ಉಳಿದ ನಾಲ್ಕು ಜೀಪು ಧೂಳಿನಲ್ಲಿ ಮಾಯವಾದವು. ನಮ್ಮ ಮುಂದೆ ಕಣಿಕೆಯ ಬಂಡಿ. ರಾಣೆಬೆನ್ನೂರು ದಾಟಿದ ಮೇಲೆ ಸಿಕ್ಕದ್ದು ಮದುವೆಯ ದಿಬ್ಬಣ, ಸಾಲಾಗಿ ಸಿಂಗರಿಸಿದ ಬಂಡಿಗಳು. ಚಿಗವ್ವ “ತಡೀರಿ” ಎಂದರು, ಕಾಕಾ ತಡೆದರು. ದಿಬ್ಬಣ ಹಳ್ಳಿಯ ದಾರಿಗೆ ಹೊರಳಿದರೆ ಜೀಪಿನ ಹಿಂದೆ ಇನ್ನಷ್ಟು ಬಂಡಿ, ನಾವೂ ಹೊರಳಲೇಬೇಕಾಯಿತು! ಜೀಪಿನಲ್ಲಿ ಬಂದವರು ವರನ ಕಡೆಯ ದೊಡ್ಡ ಮಂದಿ ಇರಬೇಕೆಂದು ಊರವರು ಕಾಲಿಗೆ ನೀರು ಕೊಟ್ಟರು, ಹಣೆಗೆ ವಿಭೂತಿ ಹಚ್ಚಿದರು, ಬುಂದೆ ಲಾಡು ಬಡಿಸಿದರು. ಕಾಕಾ ವಧೂವರರಿಗೆ ಆಯೇರಿಯ ಉಡುಗೊರೆ ಕೊಟ್ಟು, ಅಕ್ಕಿಕಾಳು ಹಾಕಿ ಹೊರಬಿದ್ದರು. ಚಿತ್ರದುರ್ಗದಲ್ಲಿ ಅಧ್ಯಕ್ಷರು ನಮಗೋಸ್ಕರ ಹಸಿದು ಕುಳಿತಿದ್ದರು.

“ಎಲ್ಲಿ ಹಾಳಾಗಿ ಹೋಗಿದ್ರಿ? ಊಟಾ ಆರಿ ಕಲ್ಲಾತು!”

“ನಮ್ಮದು ಊಟಾ ಆಗೇತ್ರಿ” ಎಂದು ಕಾಕಾ ತೇಗಿದರು.

ಸೇಲಮ್ಮಿನಲ್ಲಿ ಅಧ್ಯಕ್ಷರ ತಾಳ್ಮೆ ಮುಗಿಯಿತು. ಚಿಗವ್ವನನ್ನು ನನ್ನ ಜೊತೆ ಹಿಂದೆ ಕೂರಿಸಿ, ತಮ್ಮ ಡ್ರೈವರನನ್ನೇ ತಂದು ಬಲಗಡೆಯ ಸೀಟಿನಲ್ಲಿ ಕೂರಿಸಿದರು. ಹದ್ದಿನ ಕಣ್ಣಿನ ಗಟ್ಟಿ ಆಳು. “ಖಾಲಿ ಐತ್ರಿ, ಹೋಗ್ರಿ! ಹೋಗ್ರೀ!” ಎಂದು ಕೂಗಿಯೇ ಕೂಗಿದ. ಕಾಕಾ ಹಿಂದಕ್ಕೆ ತಿರುಗಿ, “ಏನಂತೀ?” ಎಂದು ಕೇಳಿದರು. ಡಬ್ಬಿಗಳ ನಡುವಿನಿಂದ, ರಸ್ತೆಯೇ ಕಾಣದ ಜಾಗದಿಂದ, ಚಿಗವ್ವ ಹೇಳಿದರು, “ಬ್ಯಾಡ್ರಿ, ತಡೀರಿ.”

ಮುಂದಿನ ಊರಿನಲ್ಲಿ ಇಳಿದ ಆ ಡ್ರೈವರು ಮತ್ತೆ ನಮ್ಮ ಜೀಪು ಹತ್ತಲಿಲ್ಲ.

ಕನ್ಯಾಕುಮಾರಿಯಲ್ಲಿ ಸಂಘದವರು ಸೂರ್ಯಾಸ್ತ ನೋಡಿದರು. ನಾವು ನೋಡಿದ್ದು ಮರುದಿನದ ಸೂರ್ಯೋದಯ! ನೀರಿನ ಅಂಚಿನಲ್ಲಿ ನಿಂತು ಚಿಗವ್ವ ನನ್ನ ಕೈ ಹಿಡಿದುಕೊಂಡರು.

“ಹೆಂಗೈತಿ ಹೇಳ ತಂಗಿ. ನೀ ಸಾಲಿ ಅಕ್ಕೋರು, ಛಲೋ ಹೇಳತಿ.”

ನಾನು ಪಾಠ ಹೇಳುವ ಹುರುಪಿನಲ್ಲಿ ಬಣ್ಣಗಳನ್ನೆಲ್ಲ ವರ್ಣಿಸಿದೆ. ಅವರು ಮುಖವನ್ನು ಬಿಸಿಲಿಗೆ ಒಡ್ಡಿ ಕೇಳಿಸಿಕೊಂಡರು. ಅತ್ತ ಅಧ್ಯಕ್ಷರು ಕಾಕಾನಿಗೆ ಕಡೆಯ ಮಾತು ಹೇಳುತ್ತಿದ್ದರು.

“ನಾವೆಲ್ಲಾ ಸ್ಟೇರಿಂಗ್ ಬಲಕ್ಕ ಮಾಡಿಸಿಲ್ಲೇನು? ಊರಿಗೆ ಹೋದಕೂಡಲೇ ನೀವೂ ಮಾಡಿಸ್ರಿ. ಇಲ್ಲಾಂದ್ರ ಸಂಘ ಬಿಡ್ರಿ. ರವಿವಾರನೂ ಬರಬ್ಯಾಡ್ರಿ.”

ಕಾಕಾ ಮುಖ ಸಣ್ಣದು ಮಾಡಿಕೊಂಡರು. “ಊರಿಗೆ ಹೋಗಿ ಹೇಳತೇನ್ರಿ” ಎಂದಷ್ಟೇ ಅಂದರು. ಮರಳುವ ದಾರಿಯುದ್ದಕ್ಕೂ ಅವರ ಬಾಯಲ್ಲಿ ತಮಾಷೆಯ ಮಾತಿರಲಿಲ್ಲ. ನನಗೋ ಒಳಗೊಳಗೇ ಸಿಟ್ಟು. ಒಂದು ಸ್ಟೇರಿಂಗು ಬದಲಿಸುವುದಕ್ಕೆ ಇಷ್ಟು ಹಟವೇ? ಗೆಳೆಯರಿಗಿಂತ ಹಳೆಯ ಕಬ್ಬಿಣ ಹೆಚ್ಚಾಯಿತೇ?

ಹಾವೇರಿ ದಾಟಿದೆವು. ಮುಂದೆ ಗಂಟೆ ಕಟ್ಟಿದ ಎತ್ತಿನ ಬಂಡಿಯೊಂದು ಹೋಗುತ್ತಿತ್ತು. ಕಾಕಾ ಕೇಳಿದರು, ಚಿಗವ್ವ “ತಡೀರಿ” ಎಂದರು, ಎಂದಿನಂತೆ ಹಿಂದೆ ಸಾಗಿದೆವು. ಸ್ವಲ್ಪ ಹೊತ್ತಿಗೆ ಬಂಡಿ ಎಡಕ್ಕೆ ಹೊರಳಿ ಹೊಲದ ದಾರಿಗೆ ಇಳಿಯಿತು. ಈಗ ರಸ್ತೆ ಬಟಾಬಯಲು. ಒಂದು ನಾಯಿಯೂ ಇಲ್ಲ. ಪಕ್ಕದ ಹೊಲದಿಂದ ಗಂಟೆಯ ಸದ್ದು ಮಾತ್ರ ಕೇಳುತ್ತಿತ್ತು. ಜೀಪಿನ ವೇಗ ಕೊಂಚ ಹೆಚ್ಚಿದ್ದೇ ತಡ, ಚಿಗವ್ವ ಗಾಬರಿಯಿಂದ ಕೈಯೆತ್ತಿದರು.

“ತಡೀರಿ, ತಡೀರಿ! ಬಂಡಿ ಇನ್ನೂ ಐತಿ.”

ನಾನು ಬಾಯಿ ತೆರೆದೆ. ಕಾಕಾ ತಿರುಗಿ ನೋಡಿ, ಬೇಡವೆಂದು ಮೆಲ್ಲಗೆ ತಲೆಯಾಡಿಸಿದರು. ಗೇರು ಇಳಿಸಿದರು. ಗಂಟೆಯ ಸದ್ದು ಪೂರ್ತಿ ಅಡಗುವವರೆಗೆ, ಆ ಬರಿದಾದ ರಸ್ತೆಯಲ್ಲಿ, ಇಲ್ಲದ ಬಂಡಿಯ ಹಿಂದೆ ನಿಧಾನವಾಗಿ ಹೋದರು.

ಶಿಗ್ಗಾವಿಯಲ್ಲಿ ಚಹಾಕ್ಕೆ ನಿಂತೆವು. ಚಿಗವ್ವ ಜೀಪಿನಲ್ಲೇ ಕುಳಿತಿದ್ದರು. ಅಂಗಡಿಯ ಬಾಗಿಲಲ್ಲಿ ಕೇಳಿದೆ, “ಕಾಕಾ, ಚಿಗವ್ವಗ ಕಣ್ಣು...”

“ಭಾಳ ವರ್ಷಾತವ್ವ. ಬರಬರತ ಕಡಿಮಿ ಆಗತಾವ, ಇದಕ್ಕ ಔಷಧ ಇಲ್ಲ ಅಂದಿದ್ರು ಡಾಕ್ಟರು. ಎಷ್ಟ ಕಡಿಮಿ ಆದುವು ಅಂತ ಆಕಿ ಹೇಳಿಲ್ಲ, ನಾ ಕೇಳಿಲ್ಲ.”

“ಮತ್ತ ಈ ಜೀಪು?”

“ಆವಾಗ ಹೊರಗ ಬರೂದ ಬಿಟ್ಟಿದ್ಲು. ಲಗ್ನಕ್ಕಿಲ್ಲ, ಹೊಲಕ್ಕಿಲ್ಲ. ಮಂದಿ ಮುಂದ ಕೈ ಹಿಡಕೊಂಡು ನಡ್ಯಾಕ ನಾಚಿಕಿ. ಈ ಜೀಪ ಮಾರಾಟಕ್ಕಿತ್ತು. ಎಡಗಡಿ ಸ್ಟೇರಿಂಗು ಅಂತ ಯಾರೂ ತಗೊಳ್ಳಾಕ ತಯಾರಿರಲಿಲ್ಲ. ನಾ ತಂದು ಅಂಗಳದಾಗ ನಿಲ್ಲಿಸಿ, ‘ಇದು ಒಬ್ಬರಿಂದ ನಡ್ಯಾಂಗಿಲ್ಲ, ಬಲಗಡಿ ನೀನ ಕೂಡಬೇಕು’ ಅಂದ್ನಿ. ಮರುದಿವಸ ಇಳಕಲ್ಲ ಸೀರಿ ಉಟಗೊಂಡು ಬಂದು ಕುಂತ್ಲು.”

ಚಹಾ ಆರುತ್ತಿತ್ತು. ಕಾಕಾ ಕಪ್ಪು ಬಸಿಯನ್ನೇ ನೋಡುತ್ತ ಅಂದರು, “ರಸ್ತಾ ಕಾಣಲಿಲ್ಲಂದ್ರ ‘ಹೋಗ್ರಿ’ ಅನ್ನೂ ಹೆಣ್ಣಮಗಳಲ್ಲ ಆಕಿ. ಇರಲಿ ಬಿಡು. ಬಂಡಿ ಹಿಂದ ಹೋದ್ರ ಹುಬ್ಬಳ್ಳಿ ಬರಾಂಗಿಲ್ಲೇನು?”

ನನಗೆ ಅಳು ತಡೆಯಲಾಗಲಿಲ್ಲ. ಸಮುದ್ರದ ದಂಡೆಯಲ್ಲಿ ನನ್ನ ಕೈ ಹಿಡಿದ ಆ ಬೆರಳುಗಳು ನೆನಪಾದವು. ಮುಖ ತೊಳೆದುಕೊಂಡು ಬಂದು ಡಬ್ಬಿಗಳ ನಡುವೆ ಕುಳಿತೆ.

ಜೀಪು ಹೊರಟಿತು. ತುಸು ದೂರ ಹೋದ ಮೇಲೆ ಚಿಗವ್ವ ತಾವಾಗಿಯೇ ಮಾತು ತೆಗೆದರು.

“ರೀ, ಸ್ಟೇರಿಂಗ್ ಬಲಕ್ಕ ಮಾಡಿಸ್ರಿ. ಅಧ್ಯಕ್ಷರು ಅಂದದ್ದು ನನಗೂ ಕೇಳಿಸೇತಿ. ನಾ ಮನ್ಯಾಗ ಇರತೇನಿ. ನಿಮ್ಮ ರವಿವಾರ ತಪ್ಪಬಾರದು.”

ಕಾಕಾ ಮುಂದಿನ ರಸ್ತೆ ನೋಡುತ್ತಲೇ ಅಂದರು.

“ರವಿವಾರ ಇನ್ನ ಮ್ಯಾಲ ಶಿರಗುಪ್ಪಿಗೆ ಹೋಗೂಣು, ಇಬ್ಬರೂ. ಈಗ ಮುಂದ ಬಂಡಿ ಬಂತು, ಹೇಳು. ಏನಂತೀ, ಹೋಗಲೇನ?”

ಚಿಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ರಸ್ತೆಯ ಕಡೆ ವಾಲಿ, ಬಹಳ ಹೊತ್ತು, ಬಹಳ ಗಂಭೀರವಾಗಿ ನೋಡಿದರು.

“ಬ್ಯಾಡ್ರಿ, ತಡೀರಿ.”

“ತಡದ್ನಿ ನೋಡು” ಎಂದು ಕಾಕಾ ಗೇರು ಇಳಿಸಿದರು.